ಅಪ್‌ಡೇಟ್: ಮಗಳ ಐರನ್ ಡ್ರಾಪ್ಸ್ ನಿಲ್ಲಿಸಲಿಲ್ಲ

ಒಂದೂವರೆ ವರ್ಷದ ಮಗಳಿಗೆ ಹಿಮೋಗ್ಲೋಬಿನ್ ಕಡಿಮೆ, 9.1 ಇದೆ, ಐರನ್ ಡ್ರಾಪ್ಸ್ ಶುರು ಮಾಡಿದ ಮೇಲೆ ಕಕ್ಕ ಕಪ್ಪಗಾಗಿದೆ, ನಿಲ್ಲಿಸಲಾ ಅಂತ ಕೇಳಿದ್ದೆ ಅಲ್ವಾ? ನಿಲ್ಲಿಸಲಿಲ್ಲ. ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು, ಗಾಬರಿ ಬೇಡ ಅಂದರು ಡಾಕ್ಟರ್. ನನ್ನ ತಪ್ಪು ಬೇರೆಯೇ ಇತ್ತು. ಸುಲಭವಾಗಿ ಕುಡಿಯಲಿ ಅಂತ ಡ್ರಾಪ್ಸನ್ನು ಹಾಲಿಗೆ ಬೆರೆಸುತ್ತಿದ್ದೆ! ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಈಗ ಎರಡಕ್ಕೂ ನಡುವೆ ಎರಡು ಗಂಟೆ ಬಿಡುತ್ತೇನೆ. ಹಲ್ಲಿಗೆ ಕಲೆ ಹಿಡಿಯದಿರಲಿ ಅಂತ ಡ್ರಾಪರ್ ತುದಿಯನ್ನು ಕೆನ್ನೆಯ ಒಳಗೆ, ಸ್ವಲ್ಪ ಹಿಂದಕ್ಕೆ ಇಟ್ಟು ಹಾಕುತ್ತೇನೆ. ಒಮ್ಮೊಮ್ಮೆ ಅರ್ಧ ನನ್ನ ಮೇಲೇ ಉಗುಳುತ್ತಾಳೆ, ಆ ಕಲೆ ಬೇರೆ!

ಒಂದು ತಿಂಗಳಿಗೆ ಹಿಮೋಗ್ಲೋಬಿನ್ 10.4 ಆಗಿದೆ. 11 ದಾಟಿದರೂ ಸುಮ್ನೆ ನಿಲ್ಲಿಸಬೇಡಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು ಅಂದಿದ್ದಾರೆ. ಬಾಟಲಿಯನ್ನು ಮಾತ್ರ ಅವಳ ಕೈಗೆ ಎಟುಕದಷ್ಟು ಮೇಲೆ ಇಟ್ಟಿದ್ದೇನೆ. ಒಮ್ಮೆಲೇ ಜಾಸ್ತಿ ಕುಡಿದರೆ ಅದೇ ವಿಷ.