ಪದಚರ್ಚೆ: ‘ಸುಸ್ಥಿರ’, ‘ಬಾಳಿಕೆ’, ‘ಸವಳು–ಜವಳು’

ಪ್ರಶ್ನೆ (ಕೊಪ್ಪಳದಿಂದ): ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಪ್ರಶಿಕ್ಷಣಾರ್ಥಿಗಳು 5ನೇ ತರಗತಿಯ ಪರಿಸರ ಅಧ್ಯಯನಕ್ಕೆ ಪಾಠಯೋಜನೆ ಬರೆಯುವಾಗ ಇಂಗ್ಲಿಷಿನ ‘ಸಸ್ಟೈನಬಲ್’ಗೆ ಒಬ್ಬರು ‘ಸುಸ್ಥಿರ’ ಎನ್ನುತ್ತಾರೆ, ಇನ್ನೊಬ್ಬರು ‘ಸಮರ್ಥನೀಯ’, ಮತ್ತೊಬ್ಬರು ‘ಬಾಳಿಕೆ ಬರುವ’. ಯಾವುದನ್ನು ಉಳಿಸಿಕೊಳ್ಳಬೇಕು? ಗಂಗಾವತಿ ಕಡೆಯ ಸವಳು ಜಮೀನಿನ ಉದಾಹರಣೆ ಕೊಡಿಸುವ ಯೋಚನೆಯಿದೆ. ಸವಳು, ಜವಳು ಎರಡೂ ಒಂದೇನಾ?

ಉತ್ತರ (ರಾಯಚೂರಿನಿಂದ): ಸರ್, ‘ಸಮರ್ಥನೀಯ’ವನ್ನು ಮೊದಲು ಹೊಡೆದುಹಾಕಿಸಿ. ಅದಕ್ಕೆ ‘ಸಮರ್ಥಿಸಿಕೊಳ್ಳಬಹುದಾದ’ ಎಂಬ ಅರ್ಥ ಬಿಟ್ಟರೆ ಬೇರೆ ಇಲ್ಲ. ಉಳಿದೆರಡೂ ಒಳ್ಳೆಯ ಪದಗಳೇ, ಕೆಲಸ ಬೇರೆ. ತುಂಗಭದ್ರಾ ಅಣೆಕಟ್ಟೆ ಬಾಳಿಕೆ ಬಂದಿದೆ, 1953ರಿಂದ ನಿಂತಿದೆ. ಆದರೆ ಹೂಳು ತುಂಬಿ ಸಂಗ್ರಹ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಕಟ್ಟಡ ಉಳಿದರೂ ಅದರಿಂದ ಸಿಗುವುದು ಕುಗ್ಗುತ್ತಿದ್ದರೆ ಅದು ಸುಸ್ಥಿರವಲ್ಲ. ಅಭಿವೃದ್ಧಿ–ಪರಿಸರ ಕುರಿತು ವಿಶ್ವಸಂಸ್ಥೆಯ ಆಯೋಗ ಕೊಟ್ಟ 1987ರ ಬ್ರಂಟ್‌ಲೆಂಡ್ ವರದಿಯ ಸಾರವೂ ಇದೇ: ಇಂದಿನವರ ಅಗತ್ಯ ಪೂರೈಸುವ ಭರದಲ್ಲಿ ಮುಂದಿನವರ ಪಾಲನ್ನು ಕಸಿಯಬಾರದು. ‘ಸ್ಥಿರ’ ಎಂದ ಕೂಡಲೇ ಮಕ್ಕಳು ‘ಅಲ್ಲಾಡದ್ದು’ ಅಂದುಕೊಳ್ಳುತ್ತಾರೆ. ಹಾಗಾಗಿ ವ್ಯಾಖ್ಯೆಯನ್ನು ಪಾಠದ ಕೊನೆಗೆ ಇಡಿಸಿ.

ಸವಳು ಎಂದರೆ ಉಪ್ಪೇರಿದ ಮಣ್ಣು. ಜವಳು ಎಂದರೆ ನೀರು ಬಸಿಯದೆ ಬೇರಿಗೆ ಗಾಳಿ ಸಿಗದ ಮಣ್ಣು. ಕಾಲುವೆ ಸೀಮೆಯಲ್ಲಿ ಜವಳಿನ ಬೆನ್ನಿಗೇ ಸವಳು ಬರುವುದರಿಂದ ಜೋಡಿಪದವಾಗಿದೆ. (ಕಾಗುಣಿತ ನೋಡಿಕೊಳ್ಳಿ: ‘ಜವಳಿ’ ಎಂದು ಬರೆದರೆ ಬಟ್ಟೆ ಅಂಗಡಿಯಾಗುತ್ತದೆ.) ಪ್ರಶಿಕ್ಷಣಾರ್ಥಿಗಳು ಎಡವುವುದು ಕಾರಣ ಹೇಳುವಾಗ, ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟುತ್ತಾರೆ. ಭತ್ತಕ್ಕೆ ಸದಾ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರುತ್ತದೆ, ಮಣ್ಣಿನಲ್ಲಿದ್ದ ಉಪ್ಪನ್ನೂ ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ತಳದಲ್ಲಿ ನಾಲ್ಕೈದು ತೂತು ಮಾಡಿದ ಎರಡು ಪ್ಲಾಸ್ಟಿಕ್ ಲೋಟಗಳಿಗೆ ಮಣ್ಣು ತುಂಬಿ, 1 ಲೀಟರಿಗೆ 2 ಚಮಚ ಉಪ್ಪು ಕದಡಿದ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ನೀರು 2 ಸೆಂ.ಮೀ. ಆಳವಿದ್ದರೆ ಸಾಕು. ಬರೀ ಎರೆಮಣ್ಣು ಬೇಡ, ಅದರಲ್ಲಿ ನೀರು ಬಲು ನಿಧಾನ ಏರುತ್ತದೆ. ಸಮಪಾಲು ಮರಳು ಬೆರೆಸಿ. ಬಿಸಿಲಿನಲ್ಲೇ ಇಡಬೇಕು, ನೀರು ಆರಿದಂತೆ ಅದೇ ಉಪ್ಪುನೀರು ಸೇರಿಸುತ್ತಿರಬೇಕು. ನೆರಳಿನಲ್ಲಿಟ್ಟು ‘ಏನೂ ಬರಲಿಲ್ಲ’ ಎನ್ನುವವರೇ ಹೆಚ್ಚು. ಕೆಲವು ದಿನಗಳಲ್ಲಿ ಬಿಳಿ ಪದರ ಕಟ್ಟುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಹಾಳಾಗುವುದಷ್ಟೇ ಕಂಡಂತಾಗುತ್ತದೆ. ಲೋಟಗಳನ್ನು ಉಪ್ಪುನೀರಿನ ತಟ್ಟೆಯಿಂದ ಎತ್ತಿಸಿ, ಒಂದರ ತೂತುಗಳಿಗೆ ಮೇಣ ಹಚ್ಚಿಸಿ, ಎರಡಕ್ಕೂ ಮೇಲಿನಿಂದ ಸಿಹಿನೀರು ಹಾಕಿಸಿ. ತೂತಿರುವ ಲೋಟದಿಂದ ಉಪ್ಪು ಕರಗಿ ಬಸಿದುಹೋಗುತ್ತದೆ. ಮುಚ್ಚಿದ ಲೋಟ ಒಣಗಿದಾಗ ಬಿಳಿ ಪದರ ಮತ್ತೆ ಕಾಣುತ್ತದೆ. ಬಸಿಗಾಲುವೆ ಯಾಕೆ ಬೇಕು ಎಂಬುದನ್ನು ಅವರೇ ಹೇಳಲಿ. ಮೌಲ್ಯಮಾಪನಕ್ಕೂ ‘ಸುಸ್ಥಿರತೆ ಎಂದರೇನು?’ ಬೇಡ, ‘ಹತ್ತು ವರ್ಷ ಹೀಗೇ ನೀರು ಕಟ್ಟಿದರೆ ಈ ಹೊಲ ಏನಾಗುತ್ತದೆ?’ ಎಂದು ಕೇಳಿಸಿ.

ಉಳಿದ ಉಪ್ಪುನೀರನ್ನು ಶಾಲೆಯ ಕೈತೋಟಕ್ಕೆ ಮಾತ್ರ ಸುರಿಸಬೇಡಿ.