ಮೌನಾ ಲೋವಾ: ಓಎಂಐ ಓಝೋನ್ ಡಾಬ್ಸನ್‌ಗಿಂತ ಜಾಸ್ತಿ ಬರುತ್ತಿದೆ, ಯಾಕೆ?

ಮುಗಿಲುನೋಟ:
ನಮಸ್ಕಾರ. ಹವಾಯಿಯ ಮೌನಾ ಲೋವಾ ಕೇಂದ್ರದ ಡಾಬ್ಸನ್ (ನೆಲದಿಂದ ಓಝೋನ್ ಅಳೆಯುವ ಉಪಕರಣ) ಅಳತೆಯನ್ನು ಔರಾ ಉಪಗ್ರಹದಲ್ಲಿರುವ ಓಝೋನ್ ಅಳೆಯುವ ಉಪಕರಣ ಓಎಂಐನ ಓವರ್‌ಪಾಸ್ (ಆ ಜಾಗದ ಮೇಲೆ ಹಾದುಹೋದಾಗಿನ ಅಳತೆಗಳ) ಫೈಲಿನ ಜೊತೆ ಹೋಲಿಸುತ್ತಿದ್ದೇನೆ. ಪೈಥಾನ್‌ನಲ್ಲಿ ಎರಡನ್ನೂ ತಾರೀಖು ನೋಡಿ ಜೋಡಿಸಿದ್ದೇನೆ. ಉಪಗ್ರಹದ ಅಂಕಿ ಸರಾಸರಿ ಶೇ. 2–3ರಷ್ಟು ಜಾಸ್ತಿ ಇದೆ. ಜೊತೆಗೆ ಚಳಿಗಾಲದಲ್ಲಿ ಬಿಂದುಗಳು ಸಿಕ್ಕಾಪಟ್ಟೆ ಚದುರುತ್ತವೆ. ಡಾಬ್ಸನ್ ಕ್ಯಾಲಿಬ್ರೇಷನ್ ಕೆಟ್ಟಿರಬಹುದಾ?

ಹಳೇಡಾಬ್ಸನ್:
ಆ ಕಡೆ ಇಷ್ಟು ಬೇಗ ಅನುಮಾನ ಬೇಡ. ಜಗತ್ತಿನ ಡಾಬ್ಸನ್‌ಗಳಿಗೆಲ್ಲ ಅಳತೆಗೋಲಾದ 83ನೇ ನಂಬರಿನ ಉಪಕರಣವನ್ನೇ ಸರಿ ನೋಡಲು ಆ ಬೆಟ್ಟಕ್ಕೆ ಒಯ್ಯುತ್ತಾರೆ. ಗಾಳಿ ಅಷ್ಟು ಶುದ್ಧ.

ಮೊದಲು ಗಡಿಯಾರ ನೋಡಿ. ಹೆಚ್ಚಿನ ವರ್ಷಗಳಲ್ಲಿ ಔರಾ ಹಾದುಹೋದದ್ದು ಸೂರ್ಯನ ಲೆಕ್ಕದಲ್ಲಿ ಸುಮಾರು 13:45ಕ್ಕೆ. ಮೌನಾ ಲೋವಾ ಪಶ್ಚಿಮಕ್ಕೆ 155.6 ಡಿಗ್ರಿಯಲ್ಲಿದೆ, ಅಂದರೆ ಯುಟಿಸಿಗಿಂತ (ವಿಶ್ವ ಪ್ರಮಾಣ ಸಮಯ) 10 ಗಂಟೆ 22 ನಿಮಿಷ ಹಿಂದೆ. ಕೂಡಿಸಿದರೆ 00:07 ಯುಟಿಸಿ! ಒಂದು ದಿನ ಮಧ್ಯರಾತ್ರಿಗೆ ಮುಂಚೆ, ಇನ್ನೊಂದು ದಿನ ಆಮೇಲೆ. ಉಪಗ್ರಹದ ಫೈಲಿನ ತಾರೀಖು ಯುಟಿಸಿಯದ್ದು, ಡಾಬ್ಸನ್ ಫೈಲಿನದು ಅಲ್ಲಿನ ದಿನದ್ದು. ಹಾಗಾಗಿ ಎಷ್ಟೋ ಕಡೆ ಇವತ್ತಿನ ಡಾಬ್ಸನ್‌ಗೆ ನಿನ್ನೆಯ ಉಪಗ್ರಹ ಜೋಡಿಯಾಗಿರುತ್ತದೆ. ಬೇಸಿಗೆಯಲ್ಲಿ ಇದು ಕಾಣುವುದಿಲ್ಲ, ದಿನದಿಂದ ದಿನಕ್ಕೆ ಓಝೋನ್ ಅಷ್ಟಾಗಿ ಬದಲಾಗುವುದಿಲ್ಲ ಅಲ್ವಾ. ಚಳಿಗಾಲದಲ್ಲಿ ಎದ್ದು ಕಾಣುತ್ತದೆ.

ಮುಗಿಲುನೋಟ:
ಸರ್, ಯುಟಿಸಿಯಿಂದ 10 ಗಂಟೆ ಕಳೆದು ಮತ್ತೆ ಜೋಡಿಸಿದೆ. ಚಳಿಗಾಲದ ಚದುರುವಿಕೆ ಚೆನ್ನಾಗಿ ಇಳಿಯಿತು. ಆದರೆ ಸರಾಸರಿ ವ್ಯತ್ಯಾಸ ಹಾಗೇ ಇದೆ.

ಹಳೇಡಾಬ್ಸನ್:
ಅದು ಎತ್ತರದ್ದು. ಕೇಂದ್ರ ಇರುವುದು ಸುಮಾರು 3400 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸುಮಾರು 680 ಹೆಕ್ಟೊಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ 1013. ಡಾಬ್ಸನ್ ಸೂರ್ಯನ ಕಡೆ ನೋಡುತ್ತದೆ, ತನ್ನ ಕೆಳಗಿನ ಗಾಳಿ ಅದಕ್ಕೆ ಕಾಣುವುದೇ ಇಲ್ಲ. ಓಎಂಐ ಪಿಕ್ಸೆಲ್ ನೇರ ಕೆಳಗೆ ನೋಡುವಾಗಲೇ 13 × 24 ಕಿ.ಮೀ., ಅಂಚಿಗೆ ಹೋದಷ್ಟೂ ಇನ್ನೂ ದೊಡ್ಡದು. ಅದರೊಳಗೆ ಇಳಿಜಾರು ಬರುತ್ತದೆ, ಕೆಲವೊಮ್ಮೆ ಸಮುದ್ರವೂ ಬರುತ್ತದೆ, ಹಾಗಾಗಿ ಕೇಂದ್ರದ ಕೆಳಗಿನ ಗಾಳಿಯ ಓಝೋನೂ ಅದರ ಲೆಕ್ಕಕ್ಕೆ ಸೇರುತ್ತದೆ.

ಲೆಕ್ಕ ಹಾಕಿ. ಕೆಳಗಿನ ಗಾಳಿಯಲ್ಲಿ 30 ಪಿಪಿಬಿ (ನೂರು ಕೋಟಿಯಲ್ಲಿ 30 ಪಾಲು), ಅಂದರೆ 0.030 ಪಿಪಿಎಂ ಓಝೋನ್ ಇದೆ ಎಂದುಕೊಳ್ಳಿ. ಒತ್ತಡದ ವ್ಯತ್ಯಾಸ 1013 − 680 = 333. ಪರಿವರ್ತನೆಯ ಅಂಕಿ 0.79 × 0.030 ಪಿಪಿಎಂ × 333 ಹೆಕ್ಟೊಪ್ಯಾಸ್ಕಲ್, ಹತ್ತಿರ ಹತ್ತಿರ 8 ಡಾಬ್ಸನ್ ಯುನಿಟ್ (ಒಟ್ಟು ಓಝೋನ್ ಅಳೆಯುವ ಮಾನ). ಒಟ್ಟು 260 ಇದ್ದರೆ ಅದೇ ಶೇ. 3. ಹಾಗಂತ ಎಲ್ಲ ದಿನಕ್ಕೂ ಸುಮ್ನೆ 8 ಕಳೆಯಬೇಡಿ. ಲೆವೆಲ್-2 (ಒಂದೊಂದು ಪಿಕ್ಸೆಲ್‌ನ ಅಳತೆ ಇರುವ) ಫೈಲಿನಲ್ಲಿ ಪ್ರತಿ ಪಿಕ್ಸೆಲ್‌ಗೂ ನೆಲದ ಒತ್ತಡ ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಸುಜಾತಾ_ಎಂ:
ಒಂದು ಮಾತು ಸೇರಿಸುತ್ತೇನೆ. ಡಾಬ್ಸನ್ ಫೈಲಿನಲ್ಲಿ ಡಿಎಸ್, ಅಂದರೆ ನೇರ ಸೂರ್ಯನನ್ನು ನೋಡಿ ಅಳೆದ ಸಾಲುಗಳನ್ನಷ್ಟೇ ಇಟ್ಟುಕೊಳ್ಳಿ. ಜೆಡ್‌ಬಿ, ಜೆಡ್‌ಸಿ ಎಂದಿದ್ದರೆ ನೆತ್ತಿಯ ಮೇಲಿನ ಆಕಾಶ ನೋಡಿ ಅಂದಾಜು ಮಾಡಿದ್ದು, ಅದರ ನಂಬಿಕೆ ಕಡಿಮೆ. ದ್ವೀಪದಲ್ಲಿ ಜ್ವಾಲಾಮುಖಿಗಳಿವೆ, ಗಂಧಕದ ಡೈಆಕ್ಸೈಡ್ ಹಬ್ಬಿದ ದಿನ ಡಾಬ್ಸನ್ ಓಝೋನನ್ನು ಜಾಸ್ತಿ ತೋರಿಸಬಹುದು. ಇನ್ನು 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾವೇ ಸಿಡಿದು ಲಾವಾ ರಸ್ತೆ ದಾಟಿತು, ಕೇಂದ್ರಕ್ಕೆ ಕರೆಂಟೂ ಹೋಯಿತು. ಆ ಕಾಲದ ಖಾಲಿ ಜಾಗಗಳನ್ನು ಇಂಟರ್‌ಪೋಲೇಟ್ ಮಾಡಿ (ಅಕ್ಕಪಕ್ಕದ ಅಂಕಿಗಳಿಂದ ಅಂದಾಜಿಸಿ) ತುಂಬಬೇಡಿ, ಖಾಲಿಯಾಗಿಯೇ ಬಿಡಿ.