ಔಟ್‌ಬೋರ್ಡ್ ಎಂಜಿನ್ನಿನ ‘ಸ್ಟಾಲಿಂಗ್’: ಸೊರಗಿ ನಿಲ್ಲುವುದೋ, ತಟ್ಟನೆ ಆಫ್ ಆಗುವುದೋ?

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನುಗಳ ರಿಪೇರಿಯನ್ನು ಕುರಿತ ಕನ್ನಡ ಕೈಪಿಡಿಯೊಂದನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೆರೆಗಳಲ್ಲಿ ದೋಣಿ ನಡೆಸುವವರು ಮತ್ತು ನೆರೆಯ ಹೊತ್ತಿನಲ್ಲಿ ರಕ್ಷಣಾ ದೋಣಿ ಇಳಿಸುವವರು ಇದರ ಓದುಗರು. 2022ರ ಸೆಪ್ಟೆಂಬರ್‌ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿದಾಗ ಈ ನಗರದ ಬೀದಿಗಳಲ್ಲೇ ದೋಣಿ ಓಡಿಸಬೇಕಾಗಿ ಬಂದುದನ್ನು ನೆನೆದರೆ, ಇಂಥ ಪುಸ್ತಕ ಕರಾವಳಿಗೆ ಮಾತ್ರ ಬೇಕಾದದ್ದಲ್ಲವೆಂದು ತಿಳಿಯುತ್ತದೆ. ಹಳೆಯ ಫ್ಯುಯೆಲ್ ಇಂಜೆಕ್ಷನ್ ಮಾದರಿಗಳು ಓಡುತ್ತ ಓಡುತ್ತಲೇ ನಿಂತುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತವೆ. ಸರ್ವಿಸ್ ಪುಸ್ತಕಗಳು ‘ಇಂಟರ್‌ಮಿಟೆಂಟ್ ಸ್ಟಾಲಿಂಗ್’ ಎಂದು ಕರೆಯುವ ಈ ದೋಷಕ್ಕೆ ಕನ್ನಡದಲ್ಲಿ ಯಾವ ಮಾತನ್ನು ಬಳಸಬೇಕೆಂಬುದು ನನ್ನ ಪ್ರಶ್ನೆ.

‘ಸ್ತಂಭನ’ ಮತ್ತು ‘ಸ್ಥಗಿತ’ ಎಂಬ ಎರಡು ಪದಗಳು ಕೂಡಲೇ ನೆನಪಿಗೆ ಬರುತ್ತವೆ, ಆದರೆ ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಕಾಮಗಾರಿ ಸ್ಥಗಿತವಾಯಿತು ಎಂದಾಗ ಯಾರೋ ನಿಲ್ಲಿಸಿದರೆಂಬ ಛಾಯೆ ಅದರಲ್ಲಿರುತ್ತದೆ. ಸ್ತಂಭನವೆಂಬುದು ಪತ್ರಿಕೆಗಳಲ್ಲಿ ಸಂಚಾರದೊಂದಿಗೆ ಅಂಟಿಕೊಂಡಿದೆ. ‘ಸ್ಟಾಲ್’ ಎಂದೇ ಬರೆಯೋಣವೆಂದರೆ, ನಮ್ಮ ಓದುಗರಿಗೆ ಸಂತೆಯ ಮಳಿಗೆ ಮೊದಲು ಕಾಣುತ್ತದೆ. ಅಲ್ಲದೆ ವಿಮಾನದ ವಿಷಯದಲ್ಲಿ ಅದೇ ಮಾತು ರೆಕ್ಕೆಯು ಎತ್ತುಬಲ ಕಳೆದುಕೊಳ್ಳುವುದನ್ನು ಸೂಚಿಸುತ್ತದೆ, ಎಂಜಿನ್ ನಿಲ್ಲುವುದನ್ನಲ್ಲ.

ಗ್ಯಾರೇಜಿನ ಮಾತು ಇದಕ್ಕಿಂತ ಬಹಳ ನಿಖರವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಡಲ್ ಆಗಿ ನಿಂತುಹೋಯಿತು’, ‘ಮಿಸ್ಸಿಂಗ್ ಹೊಡೆಯುತ್ತಿತ್ತು’ (ಅಂದರೆ ನಡುನಡುವೆ ಉರಿತ ತಪ್ಪಿ ಎಂಜಿನ್ ತಡವರಿಸುತ್ತಿತ್ತು), ‘ಓಡುತ್ತಿದ್ದ ಹಾಗೆ ಆಫ್ ಆಯಿತು’ ಎಂಬ ಮೂರು ಹೇಳಿಕೆಗಳನ್ನು ‘ಸ್ತಂಭನ’ ಎಂಬ ಒಂದೇ ಪದದೊಳಗೆ ತುಂಬಿದರೆ ಮೆಕ್ಯಾನಿಕ್‌ಗೆ ಬೇಕಾದ ಮೊದಲ ಸುಳಿವೇ ಅಳಿಸಿಹೋಗುತ್ತದೆ. ಎಂಜಿನ್ನಿನ ವೇಗ ಇಳಿಯುತ್ತ, ಸೊರಗುತ್ತ ನಿಂತರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲದೆ ಹೋಗಿದೆಯೆಂದು ಅನುಮಾನಿಸಬೇಕು; ಸ್ವಿಚ್ ಒತ್ತಿದಂತೆ ತಟ್ಟನೆ ನಿಂತರೆ ವಿದ್ಯುತ್ತಿನ ಕಡೆಯನ್ನು ಮೊದಲು ನೋಡಬೇಕು. ಇವು ಕಟ್ಟುನಿಟ್ಟಿನ ನಿಯಮಗಳಲ್ಲದಿದ್ದರೂ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದನ್ನು ತಿಳಿಸುತ್ತವೆ.

ಸೊರಗಿ ನಿಲ್ಲುವ ಎಂಜಿನ್ನಿನಲ್ಲಿ ಪೆಟ್ರೋಲ್ ಸಾಗುವ ದಾರಿಯನ್ನು ಟ್ಯಾಂಕಿನಿಂದಲೇ ನೋಡುತ್ತ ಬರಬೇಕಾಗುತ್ತದೆ. ಟ್ಯಾಂಕಿನಿಂದ ಹೊರಟ ಪೆಟ್ರೋಲ್, ಪೈಪಿನ ನಡುವೆ ಕೈಯಿಂದ ಹಿಸುಕುವ ರಬ್ಬರ್ ಬಲ್ಬನ್ನೂ ನೀರು ಬೇರ್ಪಡಿಸುವ ಫಿಲ್ಟರನ್ನೂ ದಾಟಿ, ಕಡಿಮೆ ಒತ್ತಡದ ಪಂಪಿನ ಮೂಲಕ ಎಂಜಿನ್ನಿಗೆ ಅಂಟಿಕೊಂಡಿರುವ ಒಂದು ಪುಟ್ಟ ತೊಟ್ಟಿಯನ್ನು ಸೇರುತ್ತದೆ. ಆವಿಯನ್ನು ಬೇರ್ಪಡಿಸುವ ಆ ತೊಟ್ಟಿಯಿಂದ ಹೆಚ್ಚು ಒತ್ತಡದ ವಿದ್ಯುತ್ ಪಂಪ್ ಅದನ್ನು, ಎಂಜಿನ್ನಿನೊಳಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ನೂಕುತ್ತದೆ. ವೇಗ ಕುಸಿಯತೊಡಗಿದ ಗಳಿಗೆಯಲ್ಲಿ ಬಲ್ಬನ್ನು ಹಿಸುಕಿದಾಗ ಎಂಜಿನ್ ಚೇತರಿಸಿಕೊಂಡರೆ, ದೋಷವು ಆ ಪುಟ್ಟ ತೊಟ್ಟಿಗಿಂತ ಹಿಂದೆ ಇದೆ ಎಂದಾಯಿತು: ಕಡಿಮೆ ಒತ್ತಡದ ಪಂಪ್ ಸೋತಿರಬಹುದು, ಎಲ್ಲೋ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿರಬಹುದು. ಬಲ್ಬ್ ತಾನಾಗಿಯೇ ಚಪ್ಪಟೆಯಾಗಿದ್ದರೆ ಅದಕ್ಕೂ ಹಿಂದೆ ಅಡಚಣೆಯಿದೆ. ಟ್ಯಾಂಕಿನ ಮುಚ್ಚಳದ ಗಾಳಿತೂತನ್ನು ತೆರೆದ ಮಾತ್ರಕ್ಕೆ ಗುಣವಾಗುವ ಪ್ರಕರಣಗಳು ಇದರಲ್ಲಿ ಸೇರುತ್ತವೆ. ಹಳೆಯ ಪೈಪಿನ ಒಳಪದರ ಕಳಚಿ, ಎಳೆತ ಹೆಚ್ಚಿದಾಗ ಮಾತ್ರ ದಾರಿಗೆ ಅಡ್ಡ ಬರುವುದೂ ಉಂಟು, ಹೊರಗಿನಿಂದ ನೋಡಿದರೆ ಆ ಪೈಪಿನಲ್ಲಿ ಯಾವ ಕುಂದೂ ಕಾಣುವುದಿಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣವು ನಮ್ಮಲ್ಲಿ ಶೇಕಡಾ 20ಕ್ಕೆ ಏರಿರುವ ಈ ದಿನಗಳಲ್ಲಿ ಎಥನಾಲಿಗೆ ತಕ್ಕುದಲ್ಲದ ಹಳೆಯ ರಬ್ಬರಿನ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಬಹುಕಾಲ ನಿಂತ ದೋಣಿಯ ಫಿಲ್ಟರಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು, ತಳದಲ್ಲಿ ಬೇರೆ ಪದರ ಕಟ್ಟುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಪದದ ತೊಡಕಿದೆ. ಪೈಪಿನೊಳಗೆ ಹೊರಗಿನ ಗಾಳಿ ಸೇರಿದರೂ, ಬಿಸಿಗೆ ಪೆಟ್ರೋಲೇ ಆವಿಯಾಗಿ ಪಂಪಿಗೆ ದ್ರವ ಸಿಗದಂತಾದರೂ ನಮ್ಮಲ್ಲಿ ‘ಏರ್ ಲಾಕ್’ ಎಂದೇ ಹೇಳುವುದುಂಟು. ಮೊದಲನೆಯದಕ್ಕೆ ಜಾಯಿಂಟು ಬಿಗಿಯಬೇಕು, ಎರಡನೆಯದಕ್ಕೆ ಬಿಸಿ ಏಕೆ ಏರಿತೆಂದು ನೋಡಬೇಕು. ಹಾಗಾಗಿ ‘ಗಾಳಿ ಹಿಡಿದಿದೆ’ ಮತ್ತು ‘ಆವಿ ಕಟ್ಟಿದೆ’ ಎಂದು ಬೇರೆಬೇರೆಯಾಗಿ ಬರೆಯಬೇಕೆಂದಿದ್ದೇನೆ.

ತಟ್ಟನೆ ಆಫ್ ಆಗುವ ಎಂಜಿನ್ನಿನಲ್ಲಿ, ಚಾಲಕನು ಮೈಗೆ ಸಿಕ್ಕಿಸಿಕೊಳ್ಳುವ ಹುರಿಯ ಕಿಲ್ ಸ್ವಿಚ್ಚು, ಬ್ಯಾಟರಿಯ ಟರ್ಮಿನಲ್, ಅರ್ತ್ ವೈರು, ರಿಲೇ ಇವುಗಳಿಂದ ಆರಂಭಿಸುವುದು ಲೇಸು, ಏಕೆಂದರೆ ನೀರಿನ ಸಹವಾಸದಲ್ಲಿ ಇವೆಲ್ಲ ಬೇಗ ಕಿಲುಬು ಹಿಡಿಯುತ್ತವೆ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಹೊತ್ತಿಕೊಳ್ಳುವುದಾದರೆ ಕ್ರ್ಯಾಂಕಿನ ಸೆನ್ಸರ್ (ಎಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಭಾಗ) ಅಥವಾ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ಮೇಲೆ ಅನುಮಾನ ಬರುತ್ತದೆ. ಪ್ಲಗ್ ವೈರಿಗೆ, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಸಿಕ್ಕಿಸಿ ಓಡಿಸಿದರೆ, ಎಂಜಿನ್ ನಿಲ್ಲುವ ಮೊದಲೇ ಬೆಳಕು ನಂದುತ್ತದೆಯೋ, ಅಂದರೆ ಕಿಡಿಯೇ ನಿಂತಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ದೋಣಿಯನ್ನು ದಡಕ್ಕೆ ಎಳೆದು ಇಂಥ ಪರೀಕ್ಷೆ ಮಾಡುವಾಗ ತಂಪಿನ ನೀರು ಹರಿಯುತ್ತಿರಲೇಬೇಕು, ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ.

‘ಇಂಟರ್‌ಮಿಟೆಂಟ್’ ಎಂಬುದಕ್ಕೆ ‘ಮಧ್ಯಂತರ’ ಎಂದು ಬರೆದದ್ದನ್ನು ಕಂಡಿದ್ದೇನೆ; ಮಧ್ಯಂತರ ಜಾಮೀನು, ಮಧ್ಯಂತರ ಆದೇಶಗಳ ನೆರಳಿನಲ್ಲಿ ಆ ಪದ ಇಲ್ಲಿ ಹೊಂದುವುದಿಲ್ಲ. ‘ಆಗಾಗ’ ಎಂದರೆ ಎಷ್ಟು ಸಲವೆಂಬ ಕಡೆಗೆ ಗಮನ ಹೋಗುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರವೆಂದು ನಮ್ಮ ಮನೆಗಳಲ್ಲಿ ಹೇಳುವಾಗ, ನಡುವೆ ರೋಗಿ ಆರೋಗ್ಯವಂತನಂತೆ ಕಾಣುತ್ತಾನೆಂಬ ಅರ್ಥವೂ ಅದರಲ್ಲಿ ಅಡಗಿದೆ. ಈ ದೋಷದ ಕಷ್ಟವೂ ಅದೇ: ಗ್ಯಾರೇಜಿಗೆ ತಂದಾಗ ಎಂಜಿನ್ ಸರಿಯಾಗಿಯೇ ಓಡುತ್ತದೆ. ಆದ್ದರಿಂದ ‘ಬಿಟ್ಟು ಬಿಟ್ಟು ನಿಲ್ಲುವುದು’ ಎಂದು ಶೀರ್ಷಿಕೆ ಕೊಟ್ಟು, ಅದರ ಕೆಳಗೆ ‘ಸೊರಗಿ ನಿಲ್ಲುವುದು’ ಮತ್ತು ‘ತಟ್ಟನೆ ಆಫ್ ಆಗುವುದು’ ಎಂದು ಕವಲೊಡೆಸಲು ಯೋಚಿಸಿದ್ದೇನೆ. ‘ಮಿಸ್ಸಿಂಗ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ, ಅದು ಬೆಂಗಳೂರಿನ ಸ್ಕೂಟರ್ ಮೆಕ್ಯಾನಿಕ್‌ನಿಂದ ಹಿಡಿದು ಎಲ್ಲರಿಗೂ ತಿಳಿದ ಮಾತು.

ಬಲ್ಲವರು ಎರಡು ವಿಷಯಗಳನ್ನು ತಿಳಿಸಬೇಕೆಂದು ಕೋರುತ್ತೇನೆ. ‘ಸೊರಗು’ ಎಂಬುದನ್ನು ಯಂತ್ರಕ್ಕೆ ಹೇಳಿದರೆ ನಿಮ್ಮ ಕಿವಿಗೆ ಅಸಹಜವೆನಿಸುತ್ತದೆಯೇ? ಮಲ್ಪೆ, ಕಾರವಾರದ ಕಡೆ ಸೀಮೆಎಣ್ಣೆ ಎಂಜಿನ್ನಿನ ನಾಡದೋಣಿ ನಡೆಸುವವರು, ಕಡಲಿನ ನಡುವೆ ಎಂಜಿನ್ ಹೀಗೆ ವೇಗ ಕಳೆದುಕೊಳ್ಳುತ್ತ ನಿಲ್ಲುವುದಕ್ಕೆ ಯಾವ ಕ್ರಿಯಾಪದವನ್ನು ಬಳಸುತ್ತಾರೆ?